ವಿಚಾರಿಸುವವರು ಯಾರು, ಸಹಿ ಹಾಕುವವರು ಯಾರು?

ಪ್ರಶ್ನೆ: ಪಿಎಸ್‌ಐ ನೇಮಕಾತಿ ಹಗರಣದ ಬಳಿಕ ಪರೀಕ್ಷೆಯನ್ನು ಪೊಲೀಸ್ ಇಲಾಖೆಯಿಂದ ತೆಗೆದು ಕರ್ನಾಟಕ ಪರೀಕ್ಷಾ ಪ್ರಾಧಿಕಾರಕ್ಕೆ (ಕೆಇಎ) ಕೊಟ್ಟರು. ಆಯ್ಕೆಯಾದವರ ನಡತೆ, ಪೂರ್ವಾಪರ ವಿಚಾರಿಸುವ ಕೆಲಸ ಮಾತ್ರ ಪೊಲೀಸರ ಬಳಿಯೇ ಇದೆ. ಅದನ್ನೂ ಹೊರಗಿನವರಿಗೆ ವಹಿಸಬಾರದೇ?

ಉತ್ತರ: ನಿಮ್ಮ ಅನುಮಾನಕ್ಕೆ ಕಾರಣವಿದೆ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ನಡೆದ ಪರೀಕ್ಷೆಯ ಅಕ್ರಮದಲ್ಲಿ ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಅಧಿಕಾರಿಯೇ ಬಂಧಿತರಾದರು. ಕೊನೆಗೆ 2024ರ ಜನವರಿಯಲ್ಲಿ ಕೆಇಎ ಮರುಪರೀಕ್ಷೆ ನಡೆಸಿತು.

ಆದರೆ ಎರಡೂ ಒಂದೇ ಬಗೆಯ ಕೆಲಸವಲ್ಲ. ಪರೀಕ್ಷೆಗೆ ಬೇಕಾದದ್ದೆಲ್ಲ ಆ ದಿನ, ಆ ಕೊಠಡಿಯಲ್ಲೇ ಹುಟ್ಟುತ್ತದೆ. ಪ್ರಶ್ನೆಪತ್ರಿಕೆ, ಒಎಂಆರ್ ಹಾಳೆಗಳನ್ನು ಕಾಯಬಲ್ಲ ಯಾವ ಸಂಸ್ಥೆಯಾದರೂ ಅದನ್ನು ನಡೆಸಬಹುದು. ಪೂರ್ವಾಪರ ಹಾಗಲ್ಲ. ಅಭ್ಯರ್ಥಿಯ ಮೇಲೆ ಕೇಸಿತ್ತೇ, ಅದು ರಾಜಿಯಾಯಿತೇ, ಖುಲಾಸೆಯಾಯಿತೇ ಎಂಬುದೆಲ್ಲ ಠಾಣೆಯ ದಾಖಲೆಗಳಲ್ಲೂ ಊರವರ ನೆನಪಿನಲ್ಲೂ ಇರುತ್ತದೆ. ಬೆಂಗಳೂರಿನ ಏಜೆನ್ಸಿಯೊಂದಕ್ಕೆ ಈ ಕೆಲಸ ಕೊಟ್ಟರೂ ಅವರು ಕೊನೆಗೆ ಕೇಳಬೇಕಾದದ್ದು ಅದೇ ಠಾಣೆಯ ರೈಟರನ್ನು.

ಹಾಗೆಂದು ಎಲ್ಲವೂ ಪೊಲೀಸರ ಬಳಿಯೇ ಇರಲಿ ಎಂದಲ್ಲ. ‘ವೆರಿಫಿಕೇಶನ್’ ಎಂದು ನಾವು ಒಂದೇ ಮಾತಿನಲ್ಲಿ ಹೇಳುವುದರಲ್ಲಿ ಮೂರು ಕೆಲಸಗಳಿವೆ: ಮಾಹಿತಿ ಕಲೆಹಾಕುವುದು, ಅದನ್ನು ತೂಗಿ ನೋಡುವುದು, ನೇಮಕಕ್ಕೆ ಹೂಂ ಅಥವಾ ಊಹೂಂ ಎನ್ನುವುದು. ಎಡವಟ್ಟು ಹೆಚ್ಚಾಗಿ ಆಗುವುದು ಎರಡನೆಯ ಮತ್ತು ಮೂರನೆಯ ಹಂತದಲ್ಲಿ.

ಬ್ರಿಟನ್ನಿನ ಒಂದು ಪ್ರಕರಣ ನೋಡಿ. 2011ರಲ್ಲಿ ವೇಯ್ನ್ ಕಸಿನ್ಸ್ ಎಂಬಾತ ಅಲ್ಲಿನ ಅಣುಸ್ಥಾವರಗಳನ್ನು ಕಾಯುವ ಪೊಲೀಸ್ ಪಡೆಗೆ ಅರ್ಜಿ ಹಾಕಿದ. ಆ ಪಡೆ ಹಿನ್ನೆಲೆ ಪರಿಶೀಲನೆಯನ್ನು ಥೇಮ್ಸ್ ವ್ಯಾಲಿ ಪೊಲೀಸರಿಗೆ ವಹಿಸಿತ್ತು, ಅಂದರೆ ನೀವು ಹೇಳುವಂತೆ ಹೊರಗಿನವರಿಗೆ. ಅವರು ಅವನ ಹಣಕಾಸಿನ ಸ್ಥಿತಿ ನೋಡಿ ಬೇಡವೆಂದರು. ಪಡೆ ಆದರೂ ಸೇರಿಸಿಕೊಂಡಿತು. 2018ರಲ್ಲಿ ಅವನು ಲಂಡನ್ನಿನ ಮೆಟ್ರೊಪಾಲಿಟನ್ ಪೊಲೀಸ್ ಸೇರುವಾಗ, 2015ರಲ್ಲಿ ಕೆಂಟ್‌ನಲ್ಲಿ ಬಂದಿದ್ದ ಅಸಭ್ಯ ವರ್ತನೆಯ ದೂರು ಪರಿಶೀಲನೆಯಲ್ಲಿ ಗಣನೆಗೇ ಬರಲಿಲ್ಲ. 2021ರ ಮಾರ್ಚ್‌ನಲ್ಲಿ ಅದೇ ಕಸಿನ್ಸ್ ತನ್ನ ಪೊಲೀಸ್ ಗುರುತಿನ ಚೀಟಿ ತೋರಿಸಿ ಸಾರಾ ಎವರಾರ್ಡ್ ಎಂಬ ಯುವತಿಯನ್ನು ಅಪಹರಿಸಿ ಕೊಂದ. ಮರುವರ್ಷ ಅಲ್ಲಿನ ಪೊಲೀಸ್ ತಪಾಸಣಾ ಸಂಸ್ಥೆ 725 ಪರಿಶೀಲನಾ ಕಡತಗಳನ್ನು ತೆರೆದಾಗ 131ರಲ್ಲಿ ಕೈಗೊಂಡ ತೀರ್ಮಾನವೇ ಪ್ರಶ್ನಾರ್ಹವಾಗಿತ್ತು.

2011ರಲ್ಲಿ ವಿಚಾರಿಸಿದವರು ಸರಿಯಾಗಿಯೇ ವಿಚಾರಿಸಿದ್ದರು. ಅವರ ಮಾತನ್ನು ತಳ್ಳಿಹಾಕಿದವರು ಅದಕ್ಕೆ ಆಗಲೇ ಯಾರಿಗೂ ಉತ್ತರ ಕೊಡಬೇಕಾಗಿ ಬರಲಿಲ್ಲ. ಕಡತ ಬೇರೆ ಕಚೇರಿಗೆ ಹೋದ ಮಾತ್ರಕ್ಕೆ ಹೊಣೆಯೂ ಅದರ ಬೆನ್ನಿಗೆ ಹೋಗುವುದಿಲ್ಲ.

ನಮ್ಮಲ್ಲಿ ತೊಡಕು ಇನ್ನೊಂದು ಬಗೆಯದು. ಹಳ್ಳಿಗಳಲ್ಲಿ ಬದುವಿನ ಜಗಳ ಹೊಡೆದಾಟಕ್ಕೆ ತಿರುಗಿದರೆ ಎರಡೂ ಕಡೆಯಿಂದ ದೂರು, ಕೌಂಟರ್ ಕೇಸು. ಕಾಲೇಜಿಗೆ ಹೋಗಿದ್ದ ಹುಡುಗನ ಹೆಸರೂ ಎಫ್‌ಐಆರ್‌ಗೆ ಸೇರಿಬಿಡುತ್ತದೆ. ಅಂಥವನನ್ನೂ ನಿಜವಾದ ಪುಂಡನನ್ನೂ ಒಂದೇ ತಕ್ಕಡಿಗೆ ಹಾಕಬಾರದು. ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ 2016ರಲ್ಲಿ ಹೇಳಿದ್ದೂ ಇದನ್ನೇ: ಎಳೆಯ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಸಣ್ಣ ಪ್ರಕರಣವನ್ನು ಮುಚ್ಚಿಟ್ಟಿದ್ದರೆ ನೇಮಕಾತಿ ಪ್ರಾಧಿಕಾರ ಅದನ್ನು ಮನ್ನಿಸಬಹುದು, ಗಂಭೀರ ಆರೋಪದಲ್ಲಿ ಕೇವಲ ತಾಂತ್ರಿಕ ಕಾರಣದಿಂದ ಖುಲಾಸೆಯಾಗಿದ್ದರೆ ಕೆಲಸ ನಿರಾಕರಿಸಲೂಬಹುದು. ದೆಹಲಿ ಪೊಲೀಸರಲ್ಲಿ ಇಂಥ ಪ್ರಕರಣಗಳನ್ನು ತೂಗಲು ಸ್ಕ್ರೀನಿಂಗ್ ಸಮಿತಿಯೇ ಇದೆ. 2013ರ ಮೆಹರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಸಮಿತಿಯ ತೀರ್ಮಾನವನ್ನು ಎತ್ತಿಹಿಡಿಯಿತು.

ಆದ್ದರಿಂದ ನನ್ನ ಉತ್ತರ ಹೀಗೆ. ಮಾಹಿತಿಯನ್ನು ಠಾಣೆಯೇ ಕಲೆಹಾಕಲಿ. ತೂಗುವ ಸಮಿತಿಯಲ್ಲಿ ಇಲಾಖೆಯ ಹೊರಗಿನವರೂ ಇರಲಿ. ಸ್ಥಳೀಯ ಶಿಫಾರಸು, ಜಾತಿ, ಹಳೆಯ ಹಗೆ ಅಲ್ಲಿಗೆ ಅಷ್ಟು ಸುಲಭವಾಗಿ ಮುಟ್ಟುವುದಿಲ್ಲ. ಬೇಡವೆಂದರೆ ಕಾರಣ ಬರೆದು ಕೊಡಲಿ, ಅಭ್ಯರ್ಥಿಗೆ ಉತ್ತರಿಸಲು ಅವಕಾಶ ಸಿಗಲಿ. ನೇಮಕಾತಿ ಆದೇಶಕ್ಕೆ ಸಹಿ ಹಾಕುವ ಅಧಿಕಾರಿ ಸಮಿತಿಯ ಮಾತು ಮೀರಿದರೆ, ಏಕೆ ಮೀರಿದೆ ಎಂದು ತನ್ನ ಹೆಸರಿನಲ್ಲೇ ಬರೆದಿಡಲಿ.

ನಿಮ್ಮ ಮನೆಯಲ್ಲಿ ಯಾರಾದರೂ ಆಯ್ಕೆಯಾಗಿದ್ದರೆ ಒಂದು ಮಾತು ಹೇಳಿ. ಕೇಸು ಖುಲಾಸೆಯಾಗಿದ್ದರೂ, ರಾಜಿಯಾಗಿದ್ದರೂ ಅರ್ಜಿಯಲ್ಲಿ ಕೇಳಿದ್ದರೆ ತಪ್ಪದೆ ನಮೂದಿಸಬೇಕು, ಆದೇಶದ ಪ್ರತಿಯನ್ನೂ ಲಗತ್ತಿಸಬೇಕು. ಹೇಳಿಕೊಂಡ ಸಣ್ಣ ಕೇಸಿನಿಂದ ಪಾರಾಗಬಹುದು. ಮುಚ್ಚಿಟ್ಟದ್ದು ವರ್ಷಗಳ ಮೇಲೆ ಹೊರಬಿದ್ದರೆ ಸಿಕ್ಕ ಕೆಲಸವೂ ಹೋಗಬಹುದು.