ಸಣ್ಣ ರೈತರಿಗೆ ಹತ್ತು ಕುರಿ, ಒಂದು ಟಗರು

ಜಿಂಕೆ ಸಾಕಿದರೆ ಒಳ್ಳೆಯ ಲಾಭವಂತೆ, ನಮ್ಮಲ್ಲೂ ಸಾಕಬಹುದೇ ಎಂದು ಕೆಲವು ರೈತರು ಕೇಳುವುದುಂಟು. ನ್ಯೂಜಿಲೆಂಡಿನಲ್ಲಿ ಇದು ನಿಜವಾಗಿಯೂ ಒಂದು ಕಸುಬು. ಹತ್ತೊಂಬತ್ತನೆಯ ಶತಮಾನದಲ್ಲಿ ಬೇಟೆಗೆಂದು ಬ್ರಿಟನ್ನಿನಿಂದ ತಂದು ಬಿಟ್ಟ ಕೆಂಪು ಜಿಂಕೆಗಳು, ಹಿಡಿದು ತಿನ್ನುವ ಮೃಗಗಳಿಲ್ಲದ್ದರಿಂದ ಮಿತಿಮೀರಿ ಹೆಚ್ಚಿ ಕಾಡನ್ನೇ ಮೇಯ್ದು ಹಾಳುಮಾಡಿದವು. ಅವುಗಳನ್ನು ಕೊಲ್ಲಿಸಲು ಸರ್ಕಾರವೇ ಬೇಟೆಗಾರರನ್ನು ನೇಮಿಸಬೇಕಾಯಿತು. 1969ರಲ್ಲಿ ಬೇಲಿಯೊಳಗೆ ಸಾಕಲು ಕಾನೂನಿನ ಅನುಮತಿ ದೊರೆತ ಮೇಲೆ ಮಾಂಸ ಮತ್ತು ಎಳೆಗೊಂಬಿನ ಮಾರಾಟ ಬೆಳೆಯಿತು. ನಮ್ಮ ದೇಶದ ಮಾತು ಬೇರೆ. ಇಲ್ಲಿ ಚುಕ್ಕೆ ಜಿಂಕೆ, ಕಡವೆ, ಕೃಷ್ಣಮೃಗ ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ಒಳಪಟ್ಟ ಕಾಡುಪ್ರಾಣಿಗಳು. ಹಿಡಿಯುವುದೂ ಮಾರುವುದೂ ಅಪರಾಧ. ದಾರಿತಪ್ಪಿ ಹೊಲಕ್ಕೆ ಬಂದ ಮರಿಯನ್ನು ಕನಿಕರದಿಂದ ಕಟ್ಟಿ ಸಾಕಿದರೂ ತೊಂದರೆ ತಪ್ಪದು; ಅರಣ್ಯ ಇಲಾಖೆಗೆ ತಿಳಿಸತಕ್ಕದ್ದು.

ಎರಡು ಮೂರು ಎಕರೆಯ ರೈತನಿಗೆ ಕೈಗೆಟುಕುವ ಉಪಕಸುಬೆಂದರೆ ಕುರಿ. ಮಂಡ್ಯ, ಮೈಸೂರು ಕಡೆ ಬಂಡೂರು, ಬಯಲುಸೀಮೆಯಲ್ಲಿ ಬಳ್ಳಾರಿ ಮತ್ತು ಡೆಕ್ಕನಿ, ರಾಯಚೂರು ಕಡೆ ಕೆಂಗುರಿ, ಹೀಗೆ ಆಯಾ ಸೀಮೆಗೆ ಒಗ್ಗಿದ ತಳಿಗಳಿವೆ. ದೂರದ ತಳಿಗೆ ಆಸೆಪಡದೆ ತಮ್ಮ ಸೀಮೆಯದರಿಂದಲೇ ಆರಂಭಿಸುವುದು ಕ್ಷೇಮ. ಎರಡು ಅಥವಾ ನಾಲ್ಕು ಹಲ್ಲಿನ ಹೆಣ್ಣು ಕುರಿಗಳನ್ನು ಕೆಚ್ಚಲು ಮುಟ್ಟಿ ನೋಡಿ ಆರಿಸಬೇಕು. ಸಂತೆಯಲ್ಲಿ ಹತ್ತು ಕಡೆಯ ಕುರಿ ಕೊಳ್ಳುವುದಕ್ಕಿಂತ ಗೊತ್ತಿರುವ ಒಂದೇ ಮಂದೆಯಿಂದ ಕೊಳ್ಳುವುದು ಮೇಲು. ತಂದ ಕುರಿಗಳನ್ನು ಮೂರು ವಾರ ಬೇರೆಯಾಗಿ ಕಟ್ಟದಿದ್ದರೆ, ಸಂತೆಯ ರೋಗ ಮನೆಯ ದೊಡ್ಡಿಗೂ ಬಂದೀತು.

ದೊಡ್ಡಿಗೆ ಹೆಚ್ಚು ಖರ್ಚು ಬೇಡ. ಎತ್ತರದ ಜಾಗ, ಮಳೆ ಬೀಳದ ಚಾವಣಿ, ಕುರಿಯೊಂದಕ್ಕೆ ಸುಮಾರು 10 ಚದರ ಅಡಿ ನೆಲ ಸಾಕು. ನೆಲ ಮಾತ್ರ ಒಣಗಿರಬೇಕು. ಒದ್ದೆ ನೆಲದಲ್ಲಿ ನಿಂತ ಕುರಿಗೆ ಗೊರಸು ಕೊಳೆಯುತ್ತದೆ.

ಟಗರು ಬಿಡುವ ಎರಡು ಮೂರು ವಾರ ಮೊದಲಿನಿಂದ ಪ್ರತಿ ಕುರಿಗೆ ದಿನಕ್ಕೆ 200ರಿಂದ 250 ಗ್ರಾಂ ಕಾಳು, ತೌಡು, ಹಿಂಡಿಯ ಮಿಶ್ರಣ ಕೊಟ್ಟರೆ ಹೆಚ್ಚು ಕುರಿಗಳು ಬೆದೆಗೆ ಬಂದು ಗಬ್ಬ ಕಟ್ಟುತ್ತವೆ. ಗಬ್ಬದ ಅವಧಿ ಸುಮಾರು 150 ದಿನ. ಕೊನೆಯ ಆರು ವಾರ ಹೊಟ್ಟೆಯ ಮರಿ ವೇಗವಾಗಿ ಬೆಳೆಯುವುದರಿಂದ ಆಗಲೂ ಇದೇ ಮಿಶ್ರಣ ಕೊಡಬೇಕು. ಈದ ಒಂದು ಗಂಟೆಯೊಳಗೆ ಮರಿಗೆ ಗಿಣ್ಣು ಹಾಲು ಕುಡಿಸಿ, ಹೊಕ್ಕುಳ ಬಳ್ಳಿಗೆ ಟಿಂಕ್ಚರ್ ಅಯೋಡಿನ್ ಹಚ್ಚಬೇಕು. ಗಿಣ್ಣು ಹಾಲು ಮರಿಗೆ ಕೇಡೆಂದು ಕರೆದು ಚೆಲ್ಲುವ ರೂಢಿ ಕೆಲವೆಡೆ ಇದೆ. ಆ ಹಾಲಿನಿಂದಲೇ ಮರಿಗೆ ರೋಗ ತಡೆಯುವ ಶಕ್ತಿ ಬರುವುದು.

ಇಷ್ಟೆಲ್ಲ ಮಾಡಿದವರೂ ಸೋಲುವುದು ಮೊದಲ ಮಳೆಗಾಲದಲ್ಲಿ. ಲೆಕ್ಕ ಹಾಕಿ ನೋಡಿ: ಹತ್ತು ಕುರಿಗೆ ಒಂಬತ್ತು ಮರಿ ಹುಟ್ಟಿವೆಯೆನ್ನಿ. ಅದರಲ್ಲಿ ಮೂರು ಸತ್ತರೆ ವರ್ಷದ ಲಾಭ ಹೋಯಿತು. ಸಾಲ ಮಾಡಿದ್ದರೆ ಕಂತು ಕಟ್ಟಲು ತಾಯಿ ಕುರಿಯನ್ನೇ ಮಾರಬೇಕಾದೀತು. ಈ ನಷ್ಟಕ್ಕೆ ಮುಖ್ಯ ಕಾರಣಗಳಲ್ಲೊಂದು ಕರುಳು ಬೇನೆ. ಸಂಜೆ ಚೆನ್ನಾಗಿ ಮೇಯ್ದು ಬಂದ ಮರಿ ಬೆಳಿಗ್ಗೆ ಸತ್ತು ಬಿದ್ದಿರುತ್ತದೆ. ಅದೂ ಮಂದೆಯಲ್ಲಿ ಎಲ್ಲಕ್ಕಿಂತ ಪುಷ್ಟವಾದ ಮರಿ! ಕಣ್ಣುದೃಷ್ಟಿ ತಗುಲಿತು, ಹಾವು ಮುಟ್ಟಿತು ಎಂದು ಜನ ಹೇಳುತ್ತಾರೆ. ಕಾರಣ ಬೇರೆ. ಈ ರೋಗದ ಅಣುಜೀವಿಗಳು ಆರೋಗ್ಯವಂತ ಕುರಿಯ ಕರುಳಿನಲ್ಲೂ ಸ್ವಲ್ಪ ಇರುತ್ತವೆ. ಮಳೆ ಬಿದ್ದು ಚಿಗುರಿದ ಹುಲ್ಲನ್ನು ಒಮ್ಮೆಲೇ ಹೊಟ್ಟೆತುಂಬ ಮೇಯ್ದಾಗ, ಅಥವಾ ಕಾಳು ಹೆಚ್ಚು ತಿಂದಾಗ, ಅವು ವಿಪರೀತ ಬೆಳೆದು ವಿಷ ಉತ್ಪಾದಿಸುತ್ತವೆ. ಹೆಚ್ಚು ಮೇಯುವ, ಹೆಚ್ಚು ಹಾಲು ಕುಡಿಯುವ ಮರಿಯೇ ಮೊದಲು ಬಲಿಯಾಗುವುದು ಇದರಿಂದ. ಕೆಲವು ಮರಿಗಳು ಹಲ್ಲು ಕಡಿದು, ಕತ್ತನ್ನು ಹಿಂದಕ್ಕೆ ಬಾಗಿಸಿ ಒದ್ದಾಡುತ್ತವೆ. ವೈದ್ಯರನ್ನು ಕರೆತರುವಷ್ಟು ವ್ಯವಧಾನವಿರುವುದು ಅಪರೂಪ.

ಆದ್ದರಿಂದ ಲಸಿಕೆಯೊಂದೇ ದಾರಿ. ಮುಂಗಾರಿಗೆ ಮುಂಚೆ ಹಾಕಿಸಬೇಕು. ಮೊದಲ ಸಲ ಎರಡು ಮೂರು ವಾರಗಳ ಅಂತರದಲ್ಲಿ ಎರಡು ಬಾರಿ, ಬಳಿಕ ವರ್ಷಕ್ಕೊಮ್ಮೆ. ಗಬ್ಬದ ಕುರಿಗೆ ಈಯುವ ಒಂದು ತಿಂಗಳು ಮೊದಲು ಹಾಕಿಸಿದರೆ ಗಿಣ್ಣು ಹಾಲಿನ ಮೂಲಕ ಮರಿಗೂ ರಕ್ಷಣೆ ದೊರೆಯುತ್ತದೆ. ಹೆಬ್ಬಾಳದ ಪಶು ಆರೋಗ್ಯ ಮತ್ತು ಪಶು ಜೈವಿಕ ಸಂಸ್ಥೆಯಲ್ಲಿ ಈ ಲಸಿಕೆ ತಯಾರಾಗುತ್ತದೆ. ಹತ್ತಿರದ ಪಶುವೈದ್ಯ ಆಸ್ಪತ್ರೆಯಲ್ಲಿ ಏಪ್ರಿಲ್ ತಿಂಗಳಲ್ಲೇ ವಿಚಾರಿಸುವುದು ಒಳ್ಳೆಯದು. ಮೂಗು, ಕಣ್ಣು ಸೋರಿ, ಬಾಯಿ ಹುಣ್ಣಾಗಿ ಭೇದಿ ಮಾಡಿಸುವ ಹಿರೇಬೇನೆಗೆ ಬೇರೆ ಲಸಿಕೆ ಉಂಟು. ಅದನ್ನು ಮೂರು ವರ್ಷಕ್ಕೊಮ್ಮೆ ಹಾಕಿಸಿದರೆ ಸಾಕು. ಲಸಿಕೆಯ ಜೊತೆಗೆ ಮೇವಿನಲ್ಲೂ ಎಚ್ಚರ ಬೇಕು: ಹೊಸ ಹುಲ್ಲಿಗೆ ಬಿಡುವ ಮುನ್ನ ಒಣ ಮೇವು ತಿನ್ನಿಸಿ, ಮೊದಮೊದಲು ಸ್ವಲ್ಪ ಹೊತ್ತು ಮಾತ್ರ ಮೇಯಿಸಬೇಕು. ಕಾಳನ್ನೂ ಹಿಡಿ ಹಿಡಿಯಾಗಿಯೇ ಹೆಚ್ಚಿಸಬೇಕು. ಮಳೆಯಿಲ್ಲದೆ ಬಾಡಿದ ಎಳೆ ಜೋಳದ ಪೈರಿನ ಬಳಿಗಂತೂ ಕುರಿಯನ್ನು ಬಿಡಲೇಬಾರದು. ಅದರಲ್ಲಿರುವ ವಿಷ ಬಹಳ ಬೇಗ ಕೊಲ್ಲುತ್ತದೆ.

ಕೆರೆಯಂಚಿನ ಜೌಗಿನಲ್ಲಿ ಮೇಯಿಸಿದರೆ ಬಸವನಹುಳುವಿನ ಮೂಲಕ ಯಕೃತ್ತಿನ ಹುಳು ಹರಡುವುದು. ಮಳೆಗಾಲದ ಮೊದಲು ಮತ್ತು ಕೊನೆಗೆ, ಹಿಕ್ಕೆ ಪರೀಕ್ಷೆ ಮಾಡಿಸಿ, ತಕ್ಕ ಜಂತುನಾಶಕ ಕುಡಿಸಿರಿ. ಒಂದೇ ಔಷಧವನ್ನು ವರ್ಷವರ್ಷವೂ ಕುಡಿಸುತ್ತಿದ್ದರೆ ಹುಳುಗಳು ಅದಕ್ಕೆ ಜಗ್ಗುವುದಿಲ್ಲ.

ಹತ್ತು ಕುರಿಗೆ ಒಂದು ಟಗರು ಧಾರಾಳವಾಯಿತು. ಅದು 25 ಕುರಿಗಳನ್ನಾದರೂ ನಿಭಾಯಿಸುತ್ತದೆ. ನೆರೆಯ ಇಬ್ಬರು ರೈತರು ಸೇರಿ ಒಳ್ಳೆಯ ಟಗರೊಂದನ್ನು ಕೊಂಡರೆ ಖರ್ಚು ಅರ್ಧವಾಗುತ್ತದೆ. ಎರಡು ವರ್ಷಕ್ಕೊಮ್ಮೆ ಅದನ್ನು ಬದಲಾಯಿಸದಿದ್ದರೆ ತನ್ನ ಮಕ್ಕಳನ್ನೇ ಕೂಡಿ ಮಂದೆಯ ಮರಿಗಳು ಕುಗ್ಗುತ್ತ ಹೋಗುತ್ತವೆ.