ಮೋಟಾರು ಸೈಕಲ್ಲಿನ ಫೋರ್ಕಿನೊಳಗಣ ಎಣ್ಣೆ

ಜಹೀರಾಬಾದು, ನಾರಾಯಣಖೇಡ, ತಾಂಡೂರುಗಳ ಸುತ್ತಣ ಗ್ರಾಮಗಳಿಂದ ಅನೇಕ ಮಕ್ಕಳು ತಂದೆಯ ಮೋಟಾರು ಸೈಕಲ್ಲಿನ ಮೇಲೆ ಶಾಲೆಗೆ ಬರುತ್ತಾರೆ. ಎಂಜಿನ್ನಿನ ಎಣ್ಣೆಯನ್ನು ಬದಲಾಯಿಸದ ಯಜಮಾನರು ವಿರಳ. ಆದರೆ ಮುಂದಿನ ಫೋರ್ಕಿನಲ್ಲಿಯೂ ಎಣ್ಣೆಯುಂಟೆಂದು ಬಲ್ಲವರು ಅದಕ್ಕಿಂತ ವಿರಳ.

ಫೋರ್ಕಿನ ಪ್ರತಿಯೊಂದು ಕಾಲೂ ಒಂದರೊಳಗೊಂದು ಜಾರುವ ಎರಡು ಕೊಳವೆಗಳ ಜೋಡಿ. ಒಳಗಿರುವ ಸ್ಪ್ರಿಂಗು ಭಾರವನ್ನು ಹೊರುತ್ತದೆ. ಆದರೆ ಒತ್ತಿ ಬಿಟ್ಟ ಸ್ಪ್ರಿಂಗು ಒಮ್ಮೆಗೇ ನಿಲ್ಲದು. ಮೇಲೆ ಕೆಳಗೆ ಆಡುತ್ತಲೇ ಇರುತ್ತದೆ. ಆಗ ಚಕ್ರವು ಪುಟಿದು ನೆಲವನ್ನು ಬಿಡುತ್ತದೆ. ನೆಲಕ್ಕೆ ತಾಗದ ಚಕ್ರಕ್ಕೆ ಬ್ರೇಕು ಹಾಕಿ ಫಲವೇನು? ಸಣ್ಣ ರಂಧ್ರಗಳಲ್ಲಿ ನುಸುಳಬೇಕಾದ ಎಣ್ಣೆಯು ಈ ಕುಣಿತವನ್ನು ತಡೆದು, ಅದರ ಶಕ್ತಿಯನ್ನು ಶಾಖವನ್ನಾಗಿ ಮಾರ್ಪಡಿಸುತ್ತದೆ. ವಿದ್ಯಾರ್ಥಿಗಳು ಹೋಳಿಯ ಪಿಚಕಾರಿಗೆ ಮೊದಲು ನೀರನ್ನೂ, ಅನಂತರ (ತಾಯಿಯ ಅಪ್ಪಣೆ ಪಡೆದು) ಕುಸುಬೆಯೆಣ್ಣೆಯನ್ನೂ ತುಂಬಿ ಒತ್ತಿ ನೋಡಲಿ. ಎರಡನೆಯ ಸಲ ಕೈಗೆ ಬೀಳುವ ಹೆಚ್ಚಿನ ಶ್ರಮವೇ ಈ ತಡೆ.

ಇಂತಹ ಫೋರ್ಕನ್ನು 1935ರಲ್ಲಿ ಜರ್ಮನಿಯ ಬಿ.ಎಂ.ಡಬ್ಲ್ಯು. ಸಂಸ್ಥೆಯು ತನ್ನ ವಾಹನಗಳಿಗೆ ಅಳವಡಿಸಿತು. 1996ರಲ್ಲಿ ಮುಚ್ಚಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ, ಯೆಜ್ದಿಗಳಲ್ಲಿಯೂ ಇದೇ ಏರ್ಪಾಡಿತ್ತು.

ಕಾಲಕ್ರಮದಲ್ಲಿ ಎಣ್ಣೆಯು ಸತ್ವಗುಂದಿ, ಲೋಹದ ಪುಡಿ ಬೆರೆತು ಕಪ್ಪಾಗುತ್ತದೆ. ತಾಂಡೂರಿನ ಕಲ್ಲುಗಣಿಗಳ ದಾರಿಯಲ್ಲಿ ಇನ್ನೊಂದು ಪೀಡೆಯುಂಟು: ಕೊಳವೆಗಂಟಿದ ಧೂಳು ಸೀಲಿನ ಅಂಚನ್ನು ಸವೆಸುತ್ತದೆ. ಒಸರಿದ ಎಣ್ಣೆ ಬ್ರೇಕಿಗೆ ಹರಿದರೆ ಬ್ರೇಕು ಹಿಡಿಯದು. ಮುಂದಿನ ಬ್ರೇಕನ್ನು ಹಿಡಿದು ಹ್ಯಾಂಡಲ್ಲನ್ನು ಬಲವಾಗಿ ಒತ್ತಿ ಬಿಡಿರಿ. ವಾಹನವು ಒಮ್ಮೆ ಎದ್ದು ನಿಲ್ಲದೆ ಮತ್ತೆ ಮತ್ತೆ ಕುಣಿದರೆ ಎಣ್ಣೆಯನ್ನು ಸಂದೇಹಿಸತಕ್ಕದ್ದು.

ಬದಲಾಯಿಸುವಾಗ ಮುಂದಿನ ಚಕ್ರವನ್ನು ನೆಲದಿಂದೆತ್ತಿ ವಾಹನವನ್ನು ಭದ್ರವಾಗಿ ನಿಲ್ಲಿಸಬೇಕು. ಮೇಲಿನ ಬಿರಡೆಯ ಕೆಳಗೆ ಸ್ಪ್ರಿಂಗು ಒತ್ತಿಕೊಂಡಿರುವುದರಿಂದ ಅದರ ಮೇಲೆ ಮುಖವನ್ನು ಬಾಗಿಸಬಾರದು. ಕೆಳಗೆ ಎಣ್ಣೆ ಬಸಿಯುವ ತಿರುಪಿದ್ದರೆ ಕೆಲಸ ಸುಲಭ. ಈಗಿನ ಹಲವು ವಾಹನಗಳಿಗೆ ಅದಿಲ್ಲವಾದ್ದರಿಂದ ಕಾಲನ್ನೇ ಕಳಚಿ ಬೋರಲು ಹಿಡಿದು, ಮೆಲ್ಲಗೆ ಒತ್ತಿ ಎಳೆದು ಬರಿದು ಮಾಡಬೇಕು. ಹೊಸ ಎಣ್ಣೆಯ ಜಾತಿಯನ್ನೂ ಪ್ರಮಾಣವನ್ನೂ ಕೈಪಿಡಿಯಲ್ಲಿ ನೋಡಿ, ಅಳತೆಯ ಜಾಡಿಯಿಂದಲೇ ಹಾಕತಕ್ಕದ್ದು. ಕಡಮೆಯಾದರೆ ಕುಣಿತ ನಿಲ್ಲದು. ಹೆಚ್ಚಾದರೆ ಒಳಗಿನ ಗಾಳಿ ಇಕ್ಕಟ್ಟಾಗಿ ಫೋರ್ಕು ಬಿರುಸಾಗುತ್ತದೆ, ಸೀಲೂ ಕೆಡಬಹುದು. ಎಂಜಿನ್ನಿಗೆ ಹಾಕಿ ಮಿಕ್ಕ ಎಣ್ಣೆಯನ್ನೇ ಇಲ್ಲಿಗೂ ಸುರಿಯುವ ಮಿತವ್ಯಯ ನಮಗೆ ಸಮ್ಮತವಲ್ಲ.

ಬಸಿದ ಎಣ್ಣೆಯನ್ನು ಹೊಲದಲ್ಲಾಗಲಿ ಬಾವಿಯ ಬಳಿಯಲ್ಲಾಗಲಿ ಚೆಲ್ಲದೆ, ಮುಚ್ಚಳವುಳ್ಳ ಡಬ್ಬಿಯಲ್ಲಿ ತುಂಬಿ, ಹಳೆಯ ಎಣ್ಣೆ ಕೊಳ್ಳುವವರಿಗೆ ಕೊಡಬೇಕು.