ಸಡಿಲಗೊಂಡ ಚರ್ಮವೂ ಅದರ ಚಿಕಿತ್ಸೆಯೂ

ನಿಮ್ಮ ಅಂಗೈಯ ಹಿಂಬದಿಯ ಚರ್ಮವನ್ನು ಎರಡು ಬೆರಳುಗಳಿಂದ ಹಿಡಿದೆತ್ತಿ ಬಿಟ್ಟುಬಿಡಿ. ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಮೊದಲಿನ ಸ್ಥಿತಿಗೆ ಮರಳುತ್ತದೆ. ಇದೇ ಪ್ರಯೋಗವನ್ನು ಮನೆಯ ಅಜ್ಜಿಯ ಕೈಮೇಲೆ, ಅವರ ಒಪ್ಪಿಗೆ ಪಡೆದು, ಮಾಡಿ ನೋಡಿ. ಎತ್ತಿದ ಮಡಿಕೆ ಕೆಲವು ಸೆಕೆಂಡುಗಳ ಕಾಲ ಹಾಗೆಯೇ ನಿಂತಿದ್ದು ಮೆಲ್ಲನೆ ಇಳಿಯುತ್ತದೆ. ಸ್ಥಿತಿಸ್ಥಾಪಕತ್ವದ ಪಾಠ ಹೇಳುವಾಗ ನಾವು ಉಕ್ಕಿನ ತಂತಿಯನ್ನೋ ರಬ್ಬರನ್ನೋ ಉದಾಹರಿಸುತ್ತೇವೆ. ನಮ್ಮ ಮೈಯನ್ನೇ ಹೊದ್ದಿರುವ ವಸ್ತುವನ್ನು ಮರೆಯುತ್ತೇವೆ.

ಸುಕ್ಕು ಅಳಿಸುವ, ಹೊಟ್ಟೆ ಕರಗಿಸುವ ಚಿಕಿತ್ಸೆಗಳ ಜಾಹೀರಾತುಗಳು ಇಂದು ಯಾದಗಿರಿ, ಶಹಾಪುರ, ಸುರಪುರಗಳ ಮನೆಗಳಿಗೂ ಮೊಬೈಲ್ ಫೋನಿನ ಮೂಲಕ ಬರುತ್ತಿವೆ. ಇವುಗಳಲ್ಲಿ ಯಾವುದು ಯಾವ ತೊಂದರೆಗೆ ತಕ್ಕದ್ದು? ಉತ್ತರ ಬೇಕಾದರೆ ಮೊದಲು ಬೇರೊಂದು ಪ್ರಶ್ನೆಯನ್ನು ಕೇಳಬೇಕು: ಕೆಟ್ಟಿರುವುದು ದೇಹದ ಯಾವ ಪದರ?

ಚರ್ಮವೆಂಬ ವಸ್ತು

ನಾವು ಕಾಣುವ ಹೊರಚರ್ಮವು ಬಲು ತೆಳುವಾದ ಪೊರೆ. ಅದರ ಕೆಳಗಿನ ಒಳಚರ್ಮವೇ ನಿಜವಾದ ಆಧಾರ. ಅದರಲ್ಲಿ ಎರಡು ಬಗೆಯ ಎಳೆಗಳಿವೆ. ಕೊಲಾಜನ್ ಎಂಬ ಎಳೆಗಳು ಹಗ್ಗದಂತೆ ಬಲ ಕೊಡುತ್ತವೆ. ಒಳಚರ್ಮದ ನೀರನ್ನು ಆರಿಸಿ ತೂಗಿದರೆ ಸುಮಾರು ಮುಕ್ಕಾಲು ಪಾಲು ಕೊಲಾಜನ್ನೇ. ಇಲಾಸ್ಟಿನ್ ಎಂಬ ಎಳೆಗಳು ಪ್ರಮಾಣದಲ್ಲಿ ಬಹಳ ಕಡಿಮೆಯಾದರೂ, ಹಿಗ್ಗಿದ ಚರ್ಮವನ್ನು ಮರಳಿ ಸೆಳೆಯುವ ಕೆಲಸ ಅವುಗಳದು. ಒಳಚರ್ಮದ ಕೆಳಗೆ ಕೊಬ್ಬು, ಅದರ ಕೆಳಗೆ ಸ್ನಾಯು.

ಚರ್ಮವನ್ನು ಎಳೆದಾಗ ಮೊದಮೊದಲು ಅದು ಸುಲಭವಾಗಿ ಹಿಗ್ಗುತ್ತದೆ. ಸುರುಳಿ ಸುತ್ತಿಕೊಂಡಿದ್ದ ಕೊಲಾಜನ್ ಎಳೆಗಳು ನೇರವಾದೊಡನೆ ಬಿಗುವು ಥಟ್ಟನೆ ಏರುತ್ತದೆ. ಆದಕಾರಣ ಹುಕ್ ನಿಯಮದ ಸರಳರೇಖೆ ಇಲ್ಲಿ ದೊರೆಯದು. ಇನ್ನೊಂದು ಗುಣವನ್ನೂ ಗಮನಿಸಬೇಕು. ಗರ್ಭಧಾರಣೆಯಲ್ಲಿಯೂ ಸ್ಥೂಲಕಾಯದಲ್ಲಿಯೂ ಆಗುವಂತೆ ಚರ್ಮವನ್ನು ತಿಂಗಳುಗಟ್ಟಲೆ ಎಳೆದಿಟ್ಟರೆ ಅದು ನಿಧಾನವಾಗಿ ಜಗ್ಗುತ್ತದೆ. ಮಿತಿಮೀರಿದರೆ ಒಳಗಿನ ಎಳೆಗಳು ಹರಿದು, ಬಿಳಿಯ ಗೆರೆಗಳು ಉಳಿಯುತ್ತವೆ.

ಚರ್ಮದ ಬಿಗುವು ಎಲ್ಲ ದಿಕ್ಕುಗಳಲ್ಲಿಯೂ ಸಮನಲ್ಲ. ವಿಯೆನ್ನಾದ ಕಾರ್ಲ್ ಲ್ಯಾಂಗರ್ ಎಂಬ ಅಂಗರಚನಾ ವಿಜ್ಞಾನಿ ಶವಗಳ ಚರ್ಮದಲ್ಲಿ ಗುಂಡನೆಯ ದಬ್ಬಣದಿಂದ ರಂಧ್ರಗಳನ್ನು ಮಾಡಿದನು. ಅವು ದುಂಡಾಗಿ ಉಳಿಯದೆ ಅಂಡಾಕಾರಕ್ಕೆ ತಿರುಗಿದವು. ಅವುಗಳ ಉದ್ದನೆಯ ಅಕ್ಷಗಳನ್ನು ಜೋಡಿಸಿ ಆತನು 1861ರಲ್ಲಿ ಇಡೀ ಮೈಯ ರೇಖೆಗಳನ್ನು ಪ್ರಕಟಿಸಿದನು. ಇಂಥ ರೇಖೆಗಳ ಗುಂಟ ಕೊಯ್ದರೆ ಗಾಯದ ಕಲೆ ತೆಳುವಾಗಿ ಮಾಯುತ್ತದೆ.

ಬಿಸಿಲಿನ ಪಾಲು

ಸುಕ್ಕಿಗೆ ವಯಸ್ಸೊಂದೇ ಕಾರಣವಲ್ಲ. ಹಿರಿಯರೊಬ್ಬರ ಮುಂಗೈಯ ಹೊರಬದಿಯನ್ನೂ ಅವರದೇ ತೋಳಿನ ಒಳಬದಿಯನ್ನೂ ಹೋಲಿಸಿ ನೋಡಿ. ಎರಡಕ್ಕೂ ವಯಸ್ಸು ಒಂದೇ. ಮುಖ್ಯ ವ್ಯತ್ಯಾಸ ಬಿಸಿಲು. ನಮ್ಮ ಮೂರು ಊರುಗಳು ಸುಮಾರು 16.5ರಿಂದ 16.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಮೇ ಮತ್ತು ಆಗಸ್ಟ್ ತಿಂಗಳುಗಳ ಮೊದಲ ವಾರದಲ್ಲಿ ನಡುಹಗಲಿನ ಸೂರ್ಯ ಇಲ್ಲಿ ನೆತ್ತಿಯ ಮೇಲೆಯೇ ಇರುತ್ತಾನೆ. ಅವನ ಅತಿನೇರಿಳೆ ಕಿರಣಗಳಲ್ಲಿ 320ರಿಂದ 400 ನ್ಯಾನೋಮೀಟರ್ ತರಂಗದೂರದವು ಒಳಚರ್ಮವನ್ನು ಹೊಕ್ಕು ಎಳೆಗಳನ್ನು ಕೆಡಿಸುತ್ತವೆ. ಇವು ಕಿಟಕಿಯ ಗಾಜನ್ನೂ ದಾಟಬಲ್ಲವು. 28 ವರ್ಷ ಲಾರಿ ನಡೆಸಿದ ಅಮೆರಿಕದ ಚಾಲಕನೊಬ್ಬನ ಚಿತ್ರವನ್ನು ಅಲ್ಲಿಯ ವೈದ್ಯಪತ್ರಿಕೆಯೊಂದು 2012ರಲ್ಲಿ ಪ್ರಕಟಿಸಿತು. ಕಿಟಕಿಯ ಕಡೆಗಿದ್ದ ಎಡಗೆನ್ನೆಯಲ್ಲಿ ಆಳವಾದ ಸುಕ್ಕು, ಬಲಗೆನ್ನೆಯಲ್ಲಿ ಅಷ್ಟಿಲ್ಲ. ಹತ್ತಿ ಬಿಡಿಸುವ ನಮ್ಮ ಹೆಣ್ಣುಮಕ್ಕಳು ತಲೆಯ ಮೇಲೆ ಹೊದೆಯುವ ಸೆರಗು ಚರ್ಮಕ್ಕೂ ಒಂದು ರಕ್ಷೆ.

ಪದರಕ್ಕೆ ತಕ್ಕ ಚಿಕಿತ್ಸೆ

ಹುಬ್ಬುಗಳ ನಡುವಣ ಗೆರೆಗಳು ಸ್ನಾಯು ಪದೇ ಪದೇ ಸಂಕುಚಿಸುವುದರಿಂದ ಬಂದವು. ಬೊಟುಲಿನಮ್ ವಿಷವನ್ನು ಅತ್ಯಲ್ಪ ಪ್ರಮಾಣದಲ್ಲಿ ಚುಚ್ಚಿ ನರದ ಸಂದೇಶವನ್ನು ತಡೆದರೆ ಅವು ಮೂರು ನಾಲ್ಕು ತಿಂಗಳು ಮರೆಯಾಗುತ್ತವೆ. ಅಮೆರಿಕ ಸರ್ಕಾರ ಈ ಬಳಕೆಗೆ 2002ರಲ್ಲಿ ಅನುಮತಿ ನೀಡಿತು. ಒಳಚರ್ಮದ ಸಣ್ಣ ಸುಕ್ಕುಗಳಿಗೆ ಇಂಗಾಲದ ಡೈಆಕ್ಸೈಡ್ ಲೇಸರ್ ಉಂಟು. ಅದರ 10,600 ನ್ಯಾನೋಮೀಟರ್ ಬೆಳಕನ್ನು ಚರ್ಮದ ನೀರು ಹೀರಿ ಕಾಯುತ್ತದೆ; ಆ ಶಾಖದಿಂದ ಹೊಸ ಕೊಲಾಜನ್ ಹುಟ್ಟುತ್ತದೆ. ಆದರೆ ನಮ್ಮಂಥ ಶ್ಯಾಮಲ ವರ್ಣದವರಲ್ಲಿ ಇದರಿಂದ ಕಪ್ಪು ಕಲೆ ಉಳಿಯುವ ಸಂಭವ ಹೆಚ್ಚು. ಇವೆರಡರಲ್ಲಿ ಯಾವುದೂ ಜೋತುಬಿದ್ದ ಚರ್ಮವನ್ನು ಎತ್ತಲಾರದು.

ಇನ್ನು ಕೊಬ್ಬನ್ನು ಹೀರಿ ತೆಗೆಯುವ ವಿಧಾನ. ಅನೇಕರು ಇದನ್ನೇ ಸಡಿಲ ಚರ್ಮಕ್ಕೂ ಮದ್ದೆಂದು ನಂಬಿದ್ದಾರೆ. ಒಂದು ಸರಳ ಲೆಕ್ಕ ಮಾಡೋಣ. ಸೊಂಟವನ್ನು ದುಂಡನೆಯ ಸ್ತಂಭವೆಂದು ಭಾವಿಸಿ. ಸುತ್ತಲೂ 2 ಸೆಂಟಿಮೀಟರ್ ದಪ್ಪದ ಕೊಬ್ಬನ್ನು ತೆಗೆದರೆ ಸುತ್ತಳತೆ 2 × 3.14 × 2, ಅಂದರೆ ಸುಮಾರು 12.5 ಸೆಂಟಿಮೀಟರ್ ಇಳಿಯುತ್ತದೆ. ಚರ್ಮ ತಾನೇ ಕುಗ್ಗಿದರೆ ಸರಿ. ಕುಗ್ಗದಿದ್ದರೆ ಅಷ್ಟು ಚರ್ಮ ಜೋಲುತ್ತದೆ. ಬಿಗಿಯಾದ ಚರ್ಮವುಳ್ಳವರಿಗೆ ಒಪ್ಪುವ ಈ ಚಿಕಿತ್ಸೆ, ಸಡಿಲ ಚರ್ಮದವರಲ್ಲಿ ಕೊರತೆಯನ್ನು ಹೆಚ್ಚಿಸಲೂಬಹುದು. ಇದು ಸ್ಥೂಲಕಾಯಕ್ಕೆ ಪರಿಹಾರವೂ ಅಲ್ಲ.

ಹೆಚ್ಚಾಗಿ ಉಳಿದ ಚರ್ಮಕ್ಕೆ ಕೊಯ್ದು ತೆಗೆಯುವುದೇ ಖಚಿತವಾದ ದಾರಿ. ಹೊಟ್ಟೆಯ ಶಸ್ತ್ರಚಿಕಿತ್ಸೆಯಲ್ಲಿ ಹೆರಿಗೆಗಳಿಂದ ಅಗಲಿದ ಸ್ನಾಯುಗಳನ್ನೂ ಹೊಲಿದು ಕೂಡಿಸಬಹುದು. ಅದಕ್ಕೆ ತೆರಬೇಕಾದ ಬೆಲೆ, ಸೊಂಟದ ಒಂದು ಬದಿಯಿಂದ ಇನ್ನೊಂದು ಬದಿಯವರೆಗಿನ ಕಲೆ. ತೂಕ ಇಳಿಸಿದವರು ಅದು ಆರು ತಿಂಗಳಾದರೂ ಸ್ಥಿರವಾಗಿ ನಿಲ್ಲುವವರೆಗೆ, ಸ್ತ್ರೀಯರು ಇನ್ನು ಮಕ್ಕಳು ಬೇಡವೆನ್ನುವವರೆಗೆ ಕಾಯುವುದು ಲೇಸು. ಮುಖದಲ್ಲಿ ಚರ್ಮವನ್ನಷ್ಟೇ ಎಳೆದು ಹೊಲಿದರೆ ಅದು ಮತ್ತೆ ಜಗ್ಗುತ್ತದೆ. ಮೇಲೆ ಹೇಳಿದ ನಿಧಾನವಾದ ಹಿಗ್ಗುವಿಕೆಯೇ ಇದಕ್ಕೂ ಕಾರಣ. ಆದುದರಿಂದ, ಫ್ರಾನ್ಸಿನ ಮಿಟ್ಸ್ ಮತ್ತು ಪೆರೋನಿ 1976ರಲ್ಲಿ ವಿವರಿಸಿದ ಆಳದ ಪದರವನ್ನು ಬಿಗಿದು, ಚರ್ಮವನ್ನು ಎಳೆತವಿಲ್ಲದೆ ಹೊದಿಸುತ್ತಾರೆ.

ಕೇಳಲೇಬೇಕಾದ ಪ್ರಶ್ನೆಗಳು

2022ರ ಮೇ ತಿಂಗಳಲ್ಲಿ ಕನ್ನಡ ಕಿರುತೆರೆಯ ನಟಿ ಚೇತನಾ ರಾಜ್ ಬೆಂಗಳೂರಿನಲ್ಲಿ ಕೊಬ್ಬು ತೆಗೆಯುವ ಶಸ್ತ್ರಚಿಕಿತ್ಸೆಗೆ ಒಳಗಾದ ಬಳಿಕ ತೀರಿಕೊಂಡರು. ವಯಸ್ಸು ಕೇವಲ 21. ಈ ಲೇಖನವನ್ನು ಓದುತ್ತಿರುವ ಅನೇಕರ ವಯಸ್ಸೇ. ಇಂಥ ಸಾವು ಅಪರೂಪವೆಂಬುದು ನಿಜ. ಆದರೆ ರಕ್ತನಾಳದಲ್ಲಿ ಗಡ್ಡೆಕಟ್ಟಿದ ರಕ್ತ, ಶ್ವಾಸಕೋಶಕ್ಕೆ ಸಿಕ್ಕಿಕೊಂಡ ಕೊಬ್ಬಿನ ಕಣ, ಅರಿವಳಿಕೆಯ ಏರುಪೇರು, ಸೋಂಕು ಇವು ಯಾವ ಶಸ್ತ್ರವೈದ್ಯನೂ ಪೂರ್ತಿ ಇಲ್ಲವಾಗಿಸಲಾಗದ ಅಪಾಯಗಳು.

ಆದುದರಿಂದ ವೈದ್ಯರನ್ನು ಕೇಳಲು ಸಂಕೋಚಪಡಬಾರದು. ಎಂ.ಬಿ.ಬಿ.ಎಸ್. ಮತ್ತು ಎಂ.ಎಸ್. ಆದಮೇಲೆ ಸುರೂಪಿಕಾ ಶಸ್ತ್ರಚಿಕಿತ್ಸೆಯಲ್ಲಿ ಎಂ.ಸಿಎಚ್. ಅಥವಾ ಅದಕ್ಕೆ ಸಮನಾದ ಪದವಿ ಪಡೆದಿದ್ದಾರೆಯೆ? ಆಸ್ಪತ್ರೆಯು ಕರ್ನಾಟಕದ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯಂತೆ ನೋಂದಣಿಯಾಗಿದೆಯೆ? ಅರಿವಳಿಕೆ ತಜ್ಞರೂ ತುರ್ತು ನಿಗಾ ಘಟಕವೂ ಉಂಟೆ? ಒಂದೇ ಬಾರಿಗೆ 5 ಲೀಟರಿಗಿಂತ ಹೆಚ್ಚು ಹೀರಿ ತೆಗೆಯುವುದಾದರೆ ಆ ರಾತ್ರಿ ರೋಗಿಯನ್ನು ನಿಗಾದಲ್ಲಿ ಇರಿಸುತ್ತಾರೆಯೆ? ಧೂಮಪಾನಿಯಾದರೆ ಕನಿಷ್ಠ ನಾಲ್ಕು ವಾರ ಮೊದಲೇ ಬಿಡಬೇಕು. ನಿಕೋಟಿನ್ ರಕ್ತನಾಳಗಳನ್ನು ಸಂಕುಚಿಸಿ ಗಾಯ ಮಾಯದಂತೆ ಮಾಡುತ್ತದೆ. ಕಲಬುರಗಿಗೋ ಹೈದರಾಬಾದಿಗೋ ಬೆಂಗಳೂರಿಗೋ ಹೋಗುವ ನಮ್ಮವರು ಇನ್ನೊಂದನ್ನು ನೆನಪಿಡಬೇಕು: ಶಸ್ತ್ರಚಿಕಿತ್ಸೆಯ ಬೆನ್ನಿಗೇ ರಾತ್ರಿಯಿಡೀ ಕಾಲು ಮಡಿಸಿ ಕುಳಿತು ಪ್ರಯಾಣ ಮಾಡಿದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯವಿದೆ.

ಅಜ್ಜಿಯ ಕೈಯ ಸುಕ್ಕು ರೋಗವಲ್ಲ. ಅದು ಬಿಸಿಲೂ ದುಡಿಮೆಯೂ ಕಾಲವೂ ಬರೆದ ಬರಹ. ಜೋಲುವ ಚರ್ಮದ ಮಡಿಕೆಯಲ್ಲಿ ಹುಣ್ಣಾಗಿ ನರಳುವವರಿಗೆ, ಹೆರಿಗೆಯ ಬಳಿಕ ಹೊಟ್ಟೆಯ ಸ್ನಾಯು ಅಗಲಿ ಬವಣೆಪಡುವವರಿಗೆ ಶಸ್ತ್ರಚಿಕಿತ್ಸೆ ನಿಜಕ್ಕೂ ಉಪಕಾರಿ. ಯಾರಿಗೆ, ಯಾವ ಪದರಕ್ಕೆ, ಯಾವ ಬೆಲೆಗೆ ಎಂಬುದನ್ನು ಅಳೆದು ತೂಗಿ ನೋಡಿದ ಮೇಲೆ ಆಯ್ಕೆ ಮಾಡುವುದು ವಿವೇಕ. ಅಳೆಯುವುದನ್ನೇ ಅಲ್ಲವೆ ಭೌತವಿಜ್ಞಾನ ನಮಗೆ ಕಲಿಸುವುದು?